ಓಡುವ ಜನ, ಹಾರುವ ವೀರ

ರಾತ್ರಿ ಪಾಳಿ ಮುಗಿಸಿ ಬಂದ ನಾಲ್ಕಾರು ಹುಡುಗರು ಗಿರಣಿಯ ಗೇಟಿನ ಎದುರಿನ ಚಹದಂಗಡಿಯಲ್ಲಿ ಒಂದೇ ಮೊಬೈಲ್ ಫೋನಿಗೆ ತಲೆ ಕೂಡಿಸಿ ಕುಳಿತಿದ್ದರು. ಅಂಗೈಯಗಲದ ಆ ಪರದೆಯ ಮೇಲೆ ದೊಡ್ಡದೊಂದು ಪಟ್ಟಣ ಉರುಳುತ್ತಿತ್ತು. ಒಬ್ಬ ಆಕಾಶದಿಂದ ಇಳಿದು ಇನ್ನೊಬ್ಬನನ್ನು ಎತ್ತಿ ಎಸೆದ, ಅವನು ಬಿದ್ದ ರಭಸಕ್ಕೆ ಇಪ್ಪತ್ತು ಅಂತಸ್ತಿನ ಕಟ್ಟಡ ಕುಸಿಯಿತು, ಜನ ಓಡಿದರು. ನಾವು ಮೇಷ್ಟರಾಗಿದ್ದ ಕಾಲದಲ್ಲಿ ನಮ್ಮ ತರಗತಿಯ ಕೊನೆಯ ಸಾಲಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಆ ಗುಂಪಿನಲ್ಲಿದ್ದ. ನಮ್ಮನ್ನು ಕಂಡವನೇ ಕೇಳಿದ: "ಮೇಷ್ಟ್ರೇ, ಇವರಿಬ್ರೂ ಹೊಡೆದಾಡಿ ಹೋದ ಮೇಲೆ ಈ ಕಲ್ಲುಮಣ್ಣೆಲ್ಲ ಎತ್ತೋರು ಯಾರು?"

ಉಳಿದವರು ನಕ್ಕರು. ನಾವು ನಗಲಿಲ್ಲ. ತರಗತಿಯಲ್ಲಿ ಒಂದು ದಿನವೂ ಪ್ರಶ್ನೆ ಕೇಳದಿದ್ದ ಹುಡುಗ ಈಗ ಕೇಳಿದ್ದು ನೂರು ಅಂಕದ ಪ್ರಶ್ನೆ. ಸೂಪರ್‌ಹೀರೋಗಳು ಮತ್ತು ದೈತ್ಯಮೃಗಗಳ ಚಿತ್ರಗಳನ್ನು ನಾವೂ ನೋಡಿದ್ದೇವೆ. ಚಪ್ಪಾಳೆ ತಟ್ಟಿದ್ದೂ ಉಂಟು. ೨೦೧೯ರ 'ಅವೆಂಜರ್ಸ್: ಎಂಡ್‌ಗೇಮ್' ಚಿತ್ರ ಜಗತ್ತಿನಾದ್ಯಂತ ಸುಮಾರು ೨೮೦ ಕೋಟಿ ಡಾಲರ್ ಗಳಿಸಿತು. ಅಷ್ಟು ಹಣ ಕೊಟ್ಟವರೆಲ್ಲ ಮೂಢರು ಎಂದು ಹೇಳುವ ಪಂಡಿತರ ಸಾಲಿಗೆ ನಾವು ಸೇರತಕ್ಕವರಲ್ಲ. ಹನ್ನೆರಡು ತಾಸು ಮೈಮುರಿದು ದುಡಿದವನಿಗೆ ಯಾರಾದರೂ ಒಬ್ಬ ಆಕಾಶದಲ್ಲಿ ಹಾರುವುದನ್ನು ನೋಡುವ ಆಸೆ ಇರುವುದು ತಪ್ಪಲ್ಲ. ಆದರೆ ಆ ಹುಡುಗನ ಪ್ರಶ್ನೆ ಕೈಯಲ್ಲಿ ಹಿಡಿದು ಈ ಚಿತ್ರಗಳನ್ನು ಇನ್ನೊಮ್ಮೆ ನೋಡಿದಾಗ ನಮಗೆ ಬೇರೆಯದೇ ಕಥೆ ಕಂಡಿತು.

ಈ ಪ್ರಶ್ನೆ ಚಿತ್ರ ತಯಾರಿಸುವವರಿಗೆ ಹೊಳೆದಿಲ್ಲವೆಂದು ತಿಳಿಯಬೇಡಿ. ಚೆನ್ನಾಗಿಯೇ ಹೊಳೆದಿದೆ. ೨೦೧೨ರ 'ಅವೆಂಜರ್ಸ್' ಚಿತ್ರದಲ್ಲಿ ನ್ಯೂಯಾರ್ಕ್ ನಗರದ ನಡುಭಾಗ ಪುಡಿಪುಡಿಯಾಗುತ್ತದೆಯಷ್ಟೆ. ೨೦೧೭ರಲ್ಲಿ ಬಂದ 'ಸ್ಪೈಡರ್-ಮ್ಯಾನ್: ಹೋಮ್‌ಕಮಿಂಗ್' ಆರಂಭವಾಗುವುದೇ ಆ ಕಲ್ಲುಮಣ್ಣಿನ ರಾಶಿಯ ಮೇಲೆ. ಟೂಮ್ಸ್ ಎಂಬ ಸಣ್ಣ ಗುತ್ತಿಗೆದಾರ ನಗರಸಭೆಯಿಂದ ಅದನ್ನು ಎತ್ತುವ ಗುತ್ತಿಗೆ ಹಿಡಿದಿದ್ದಾನೆ. ಆ ಕೆಲಸ ನಂಬಿ ಲಾರಿಗಳನ್ನು ಕೊಂಡಿದ್ದಾನೆ, ಹೊಸ ಆಳುಗಳನ್ನು ಸೇರಿಸಿಕೊಂಡಿದ್ದಾನೆ. ಅಷ್ಟರಲ್ಲಿ ಸೂಟು ತೊಟ್ಟ ಅಧಿಕಾರಿಗಳು ಬಂದು, ಇನ್ನು ಮೇಲೆ ಈ ಕೆಲಸ ಸರ್ಕಾರವೂ ಸ್ಟಾರ್ಕ್ ಎಂಬ ಕೋಟ್ಯಧೀಶನೂ ಕೂಡಿ ಕಟ್ಟಿದ ಹೊಸ ಇಲಾಖೆಗೆ ಸೇರಿದ್ದು, ನೀನು ಜಾಗ ಖಾಲಿ ಮಾಡು ಎನ್ನುತ್ತಾರೆ. ಆ ಸ್ಟಾರ್ಕ್ ಯಾರು? ನಗರವನ್ನು ಒಡೆದ ಹೊಡೆದಾಟದಲ್ಲಿ ಲೋಹದ ಕವಚ ತೊಟ್ಟು ಹಾರಾಡಿದವನೇ! ಒಡೆದವನಿಗೇ ಎತ್ತುವ ಗುತ್ತಿಗೆ. ಲಾರಿಯ ಸಾಲ ಮಾತ್ರ ಟೂಮ್ಸ್‌ನ ತಲೆಯ ಮೇಲೆ. ಈ ದೃಶ್ಯದಲ್ಲಿ ಅರ್ಥವಾಗದ್ದು ನಮ್ಮ ಪೇಟೆಯ ಯಾವ ಅಂಗಡಿಕಾರನಿಗೂ ಇಲ್ಲ.

ಇಷ್ಟು ಸತ್ಯ ಹೇಳಿದ ಚಿತ್ರ ಮುಂದೇನು ಮಾಡುತ್ತದೆ? ಟೂಮ್ಸ್‌ನನ್ನು ಕಳ್ಳ ಆಯುಧಗಳ ವ್ಯಾಪಾರಿಯನ್ನಾಗಿಸಿ, ಕೊಲೆಗಾರನನ್ನಾಗಿಸಿ, ಹದ್ದಿನ ರೆಕ್ಕೆ ಕಟ್ಟಿ ಖಳನ ಪಟ್ಟದಲ್ಲಿ ಕೂರಿಸುತ್ತದೆ. ಸ್ಟಾರ್ಕ್ ಮಹಾಶಯ ಬಡಹುಡುಗನಿಗೆ ಹೊಸ ಅಂಗಿ ಹೊಲಿಸಿಕೊಡುವ ದಾನಶೂರನಾಗಿ ಉಳಿಯುತ್ತಾನೆ. ದೂರು ನಿಜ, ಆದರೆ ದೂರುವವನು ಪಾಪಿ. ಆದ್ದರಿಂದ ದೂರನ್ನು ಮರೆತುಬಿಡಿ ಎಂಬುದು ಈ ಕಥೆಯ ಲೆಕ್ಕ.

ಇದು ಒಂದೇ ಚಿತ್ರದ ಚಾಳಿಯಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ೨೦೨೧ರ 'ದಿ ಫಾಲ್ಕನ್ ಅಂಡ್ ದಿ ವಿಂಟರ್ ಸೋಲ್ಜರ್' ಎಂಬ ಆರು ಕಂತಿನ ಧಾರಾವಾಹಿಯನ್ನು ನೋಡಿ. ಅಲ್ಲಿ ಕಾರ್ಲಿ ಎಂಬ ಎಳೆಯ ಹೆಣ್ಣುಮಗಳು ಮನೆಮಠ ಕಳೆದುಕೊಂಡು ಶಿಬಿರಗಳಿಗೆ ತಳ್ಳಲ್ಪಟ್ಟವರ ಪರವಾಗಿ ನಿಲ್ಲುತ್ತಾಳೆ. ಬೀಗ ಹಾಕಿಟ್ಟ ಔಷಧ, ಆಹಾರಗಳನ್ನು ಕಿತ್ತು ಅವರಿಗೆ ಒಯ್ಯುತ್ತಾಳೆ. ನೋಡುಗನ ಮನಸ್ಸು ಅವಳ ಕಡೆ ವಾಲಿತೆಂದು ತಿಳಿದ ಕೂಡಲೇ, ಮೂರನೆಯ ಕಂತಿನಲ್ಲಿ, ಕಥೆಗಾರರು ಅವಳ ಕೈಯಿಂದ ಜನರಿದ್ದ ಉಗ್ರಾಣವೊಂದನ್ನು ಸಿಡಿಸುತ್ತಾರೆ. ಅಲ್ಲಿಗೆ ವಾದ ಮುಗಿಯಿತು. ನಮ್ಮಲ್ಲಿ ಮುಷ್ಕರದ ದಿನ ಗುಂಪಿನೊಳಗಿಂದ ಮೊದಲ ಕಲ್ಲು ಎಸೆಯಲು ಬಾಡಿಗೆಯವನನ್ನು ಕಳಿಸುವ ಪದ್ಧತಿಯೊಂದುಂಟು. ಅದನ್ನು ಬಲ್ಲವರಿಗೆ ಈ ತಂತ್ರ ಹೊಸದಲ್ಲ.

ಮಲಯಾಳದವರು ಇದೇ ಹಾದಿಯಲ್ಲಿ ನಡೆದರೂ ಸ್ವಲ್ಪ ಹೆಚ್ಚಿನ ಮಾನವೀಯತೆ ತೋರಿದ್ದಾರೆ. ೨೦೨೧ರ 'ಮಿನ್ನಲ್ ಮುರಳಿ'ಯಲ್ಲಿ ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿದು ಅಪಾರ ಬಲ ಬರುತ್ತದೆ. ಒಬ್ಬ ಅಮೆರಿಕಕ್ಕೆ ಹೋಗುವ ಕನಸು ಕಾಣುವ ದರ್ಜಿ. ಇನ್ನೊಬ್ಬ ಊರೆಲ್ಲ ಹುಚ್ಚನೆಂದು ದೂರವಿಟ್ಟ ಚಹದಂಗಡಿಯ ಆಳು ಶಿಬು. ಖಳನಾಗುವವನು ಚಹದಂಗಡಿಯ ಆಳೇ. ಆದರೂ ಗುರು ಸೋಮಸುಂದರಂ ಎಂಬ ನಟ ಆ ಶಿಬುವಿನ ಮುಖದಲ್ಲಿ ನಗುವನ್ನೂ ಅಳುವನ್ನೂ ಒಟ್ಟಿಗೆ ತಂದು ನಿಲ್ಲಿಸುವಾಗ, ತಪ್ಪು ಊರಿನದೋ ಅವನದೋ ಎಂಬ ಪ್ರಶ್ನೆ ನೋಡುಗನನ್ನು ಬಿಡುವುದಿಲ್ಲ. ಕೇರಳದ ಯಕ್ಷಿಯ ಕಥೆಯನ್ನು ಬೆಂಗಳೂರಿಗೆ ತಂದ ೨೦೨೫ರ 'ಲೋಕಃ' ಚಿತ್ರವನ್ನೂ ನೋಡಿದೆವು. ಹೆಣ್ಣೊಬ್ಬಳು ನಾಯಕಿಯಾಗಿ ನಿಂತು ಗೆದ್ದದ್ದು ಸಂತೋಷ. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಅದರಲ್ಲಿದ್ದ ಹಗುರ ಮಾತಿಗೆ ತಯಾರಕರು ಕ್ಷಮೆ ಕೇಳಿದ್ದೂ ಸರಿ. ಅದಕ್ಕಿಂತ ಹೆಚ್ಚಿಗೆ ಹೇಳತಕ್ಕದ್ದು ನಮ್ಮಲ್ಲಿಲ್ಲ.

ಸೂಪರ್‌ಹೀರೋ ಎಂಬವನು ಹುಟ್ಟಿನಿಂದಲೇ ಧಣಿಗಳ ಕಡೆಯವನು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇವರೆಲ್ಲರ ಅಣ್ಣನಾದ ಸೂಪರ್‌ಮ್ಯಾನ್ ೧೯೩೮ರಲ್ಲಿ ಅಮೆರಿಕದ ಚಿತ್ರಕಥಾ ಪುಸ್ತಕವೊಂದರಲ್ಲಿ ಹುಟ್ಟಿದ. ಅದೇ ವರ್ಷದ ಮೂರನೆಯ ಸಂಚಿಕೆಯಲ್ಲಿ ಅವನು ಮಾಡಿದ ಕೆಲಸವೇನು ಗೊತ್ತೆ? ಗಣಿಯೊಂದು ಕುಸಿದು ಕಾರ್ಮಿಕನೊಬ್ಬ ಸಿಕ್ಕಿಕೊಳ್ಳುತ್ತಾನೆ. ರಕ್ಷಣೆಯ ಏರ್ಪಾಡಿಗೆ ಹಣ ಖರ್ಚು ಮಾಡಲು ಮಾಲೀಕ ಒಪ್ಪುವುದಿಲ್ಲ. ಸೂಪರ್‌ಮ್ಯಾನ್ ಗಣಿಯಾಳಿನ ವೇಷ ತೊಟ್ಟು ಹೋಗುತ್ತಾನೆ. ಔತಣದಲ್ಲಿ ಮೆರೆಯುತ್ತಿದ್ದ ಮಾಲೀಕನೂ ಅತಿಥಿಗಳೂ ಮೋಜಿಗೆಂದು ಗಣಿಗೆ ಇಳಿದಾಗ ದಾರಿ ಮುಚ್ಚಿಬಿಡುತ್ತಾನೆ. ಅಪಾಯದ ಗಂಟೆ ಬಾರಿಸುವುದಿಲ್ಲ, ಯಾವ ಸಾಧನವೂ ಕೆಲಸ ಮಾಡುವುದಿಲ್ಲ. ರೇಷ್ಮೆ ಉಡುಪಿನವರು ಸನಿಕೆ ಹಿಡಿದು ಅಗೆಯಬೇಕಾಗುತ್ತದೆ. ಹೊರಬಂದ ಮಾಲೀಕ, ಇನ್ನು ಮುಂದೆ ನನ್ನ ಗಣಿ ದೇಶದಲ್ಲೇ ಸುರಕ್ಷಿತವಾದದ್ದಾಗುತ್ತದೆ ಎಂದು ಮಾತು ಕೊಡುತ್ತಾನೆ. ಇದನ್ನು ಕಟ್ಟಿದವರು ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ತರುಣರು, ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಸೂಪರ್‌ಮ್ಯಾನ್‌ನ ಸಮಸ್ತ ಹಕ್ಕಿಗೆ ಅವರಿಗೆ ದೊರೆತದ್ದು ಒಟ್ಟು ೧೩೦ ಡಾಲರ್! ಮುದುಕರಾಗಿ ಕಷ್ಟಕ್ಕೆ ಬಿದ್ದು, ಬೀದಿಗೆ ಬಂದು ಕೂಗಿದ ಮೇಲೆ, ೧೯೭೫ರಲ್ಲಿ ಕಂಪನಿ ವರ್ಷಕ್ಕೆ ೨೦,೦೦೦ ಡಾಲರಿನಂತೆ ಒಬ್ಬೊಬ್ಬರಿಗೂ ಪಿಂಚಣಿ ಕೊಡಲು ಒಪ್ಪಿತು. ಗಣಿ ಮಾಲೀಕನನ್ನು ಮಣಿಸಿದ ವೀರನಿಗೆ ತನ್ನ ತಂದೆಯರ ಮಾಲೀಕನನ್ನು ಮಣಿಸಲಾಗಲಿಲ್ಲ.

೨೦೨೫ರ ಹೊಸ 'ಸೂಪರ್‌ಮ್ಯಾನ್' ಚಿತ್ರದಲ್ಲಿ ಆ ಹಳೆಯ ಕಿಡಿ ಸ್ವಲ್ಪ ಮತ್ತೆ ಹೊತ್ತಿದೆ. ಖಳನು ಅಲ್ಲಿ ಬಡ ಗುತ್ತಿಗೆದಾರನಲ್ಲ. ಸರ್ಕಾರವನ್ನು ಜೇಬಿನಲ್ಲಿಟ್ಟುಕೊಂಡ ಕೋಟ್ಯಧೀಶ. ನೆರೆಯ ಬಡದೇಶದ ಮೇಲೆ ದಂಡೆತ್ತಿ ಹೋಗುವವರ ಬೆನ್ನಿಗೆ ನಿಂತು, ಆ ನೆಲದಲ್ಲಿ ತನ್ನ ಪಾಲು ಹೊಂಚುವವನು. ಅವನು ಕೋತಿಗಳ ದಂಡೊಂದನ್ನು ಕೂರಿಸಿ ಹಗಲಿರುಳು ಸೂಪರ್‌ಮ್ಯಾನ್ ವಿರುದ್ಧ ನಿಂದೆಯ ಮಾತುಗಳನ್ನು ಬೆರಳಚ್ಚು ಮಾಡಿಸಿ ಹರಡುವ ದೃಶ್ಯ ನೋಡಿ ನಾವು ಮನಸಾರೆ ನಕ್ಕೆವು. ಆದರೆ ಅಲ್ಲಿಯೂ ಜನ ಓಡುತ್ತಲೇ ಇರುತ್ತಾರೆ. ೨೦೧೯ರಲ್ಲಿ ಆರಂಭವಾದ 'ದಿ ಬಾಯ್ಸ್' ಧಾರಾವಾಹಿಯ ವಿಚಾರ ಇನ್ನೂ ವಿಚಿತ್ರ. ವೀರರೆಲ್ಲರೂ ಒಂದು ಮಹಾಕಂಪನಿಯ ಸರಕು, ಅವರ ಪರಾಕ್ರಮವೆಲ್ಲ ಜಾಹೀರಾತು ಎಂದು ಅದು ಖಾರವಾಗಿ ಹೇಳುತ್ತದೆ. ಹೇಳುವವರು ಯಾರು? ಅಮೆಜಾನ್ ಕಂಪನಿ. ಕಂಪನಿಗಳ ಮೇಲಿನ ನಮ್ಮ ಸಿಟ್ಟನ್ನೂ ಕಂಪನಿಯೇ ಕಟ್ಟು ಕಟ್ಟಿ ನಮಗೆ ಮಾರುತ್ತಿದೆ. ಖಾರ ಚೆನ್ನಾಗಿದೆ, ರಕ್ತ ಅತಿಯಾಯಿತು. ಮನೆಯಲ್ಲಿ ಮಕ್ಕಳಿರುವಾಗ ಹಾಕತಕ್ಕದ್ದಲ್ಲ.

ಇನ್ನು ದೈತ್ಯಮೃಗದ ವಿಷಯ. ಇದರಲ್ಲಿ ಜಪಾನಿನವರನ್ನು ಮೀರಿಸಿದವರಿಲ್ಲ, ಏಕೆಂದರೆ ಅವರ ಮೃಗಕ್ಕೆ ಹುಟ್ಟಿದ ಊರೂ ತಾರೀಖೂ ಇವೆ. ೧೯೫೪ರ ಮಾರ್ಚ್ ೧ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪಗಳಲ್ಲಿ ಹೈಡ್ರೋಜನ್ ಬಾಂಬು ಸಿಡಿಸಿತು. ಅದರ ವಿಷಬೂದಿ 'ದಾಯ್ಗೊ ಫುಕುರ್ಯು ಮಾರು' ಎಂಬ ಜಪಾನಿ ಮೀನುಗಾರರ ಹಡಗಿನ ಮೇಲೆ ಸುರಿಯಿತು. ಹಡಗಿನಲ್ಲಿದ್ದ ೨೩ ಮಂದಿಯೂ ಕಾಯಿಲೆ ಬಿದ್ದರು; ರೇಡಿಯೋ ನೋಡಿಕೊಳ್ಳುತ್ತಿದ್ದ ಐಕಿಚಿ ಕುಬೊಯಾಮ ಸೆಪ್ಟೆಂಬರಿನಲ್ಲಿ ತೀರಿಕೊಂಡ. ನವೆಂಬರಿನಲ್ಲಿ ಇಶಿರೊ ಹೊಂಡ ನಿರ್ದೇಶಿಸಿದ ಮೊದಲ 'ಗಾಡ್ಜಿಲ್ಲ' ತೆರೆಗೆ ಬಂತು. ಅದರ ಮೊದಲ ದೃಶ್ಯದಲ್ಲಿ ಸುಟ್ಟುಹೋಗುವುದು ಒಂದು ಹಡಗೇ. ಅಮೆರಿಕದವರು ೧೯೫೬ರಲ್ಲಿ ಇದೇ ಚಿತ್ರವನ್ನು ಕತ್ತರಿಸಿ, ತಮ್ಮ ನಟನೊಬ್ಬನನ್ನು ಅಂಟಿಸಿ, ಬಾಂಬಿನ ಮಾತನ್ನು ಬಹುಮಟ್ಟಿಗೆ ತೆಗೆದು ತಮ್ಮ ಜನಕ್ಕೆ ತೋರಿಸಿದರು. ೨೦೨೪ರ 'ಗಾಡ್ಜಿಲ್ಲ x ಕಾಂಗ್' ವೇಳೆಗೆ ಆ ಮೃಗವು ಕೋತಿಯೊಡನೆ ಕುಸ್ತಿ ಹಿಡಿದು ಮಕ್ಕಳನ್ನು ನಗಿಸುವ ಸ್ಥಿತಿಗೆ ಬಂದಿತ್ತು.

ಇದಕ್ಕೆ ಮೊದಲೇ, ೨೦೨೩ರಲ್ಲಿ, ಜಪಾನಿನ ತಕಾಶಿ ಯಾಮಜಾಕಿ 'ಗಾಡ್ಜಿಲ್ಲ ಮೈನಸ್ ಒನ್' ಮಾಡಿದರು. ನಾವು ಇತ್ತೀಚೆಗೆ ನೋಡಿದ ಈ ಬಗೆಯ ಚಿತ್ರಗಳಲ್ಲಿ ಇದಕ್ಕೆ ಸಮನಾದದ್ದಿಲ್ಲ. ಯುದ್ಧ ಮುಗಿದಿದೆ, ಟೋಕಿಯೋ ಬೂದಿಯಾಗಿದೆ. ಸಾಯುವುದಕ್ಕೆಂದೇ ಕಳಿಸಿದ್ದ ವಿಮಾನಿಯೊಬ್ಬ ಸಾಯದೆ ಹಿಂತಿರುಗಿದ್ದಾನೆ. ಮಕ್ಕಳನ್ನು ಕಳೆದುಕೊಂಡ ನೆರೆಮನೆಯಾಕೆ, ನೀನೇಕೆ ಬದುಕಿ ಬಂದೆ ಎಂದು ಬೈಯುತ್ತಾಳೆ. ಅದೇ ಹೆಂಗಸು ಮುಂದೆ ಅವನ ಮನೆಯ ಅನಾಥ ಕೂಸಿಗೆ ತನ್ನಲ್ಲಿದ್ದ ಅಕ್ಕಿ ತಂದುಕೊಡುತ್ತಾಳೆ. ಹೊಟ್ಟೆಪಾಡಿಗೆ ಅವನು ಹಿಡಿಯುವ ಕೆಲಸ ಯಾವುದೆಂದರೆ, ಮರದ ದೋಣಿಯಲ್ಲಿ ಹೋಗಿ ಯುದ್ಧಕಾಲದಲ್ಲಿ ಸಮುದ್ರದಲ್ಲಿ ಹುಗಿದ ಸ್ಫೋಟಕಗಳನ್ನು ಎತ್ತಿ ನಾಶಮಾಡುವುದು. ನಮ್ಮ ಹುಡುಗನ ಪ್ರಶ್ನೆಗೆ ಇಲ್ಲಿ ನೇರ ಉತ್ತರವಿದೆ: ದೊಡ್ಡವರು ಹೊಡೆದಾಡಿ ಬಿಟ್ಟುಹೋದದ್ದನ್ನು ಎತ್ತುವವರು ಕೂಲಿಯವರು, ಪ್ರಾಣ ಒತ್ತೆಯಿಟ್ಟು.

ಮೃಗ ಬಂದಾಗ ಜಪಾನಿನ ಸರ್ಕಾರದ ಕೈಯಲ್ಲಿ ಏನೂ ಇಲ್ಲ. ರಷ್ಯದವರು ಕೆರಳಿಯಾರು ಎಂಬ ಅಂಜಿಕೆಯಿಂದ ಅಮೆರಿಕದ ಸೇನೆ ಮುಂದೆ ಬರುವುದಿಲ್ಲ. ಆಗ ಕೆಲಸವಿಲ್ಲದ ಹಳೆಯ ನಾವಿಕರು ಒಂದೆಡೆ ಸೇರುತ್ತಾರೆ. ಆ ಸಭೆಯನ್ನು ನೋಡಬೇಕು. ಇದು ಅಪ್ಪಣೆಯೋ ಎಂದು ಅವರು ಕೇಳುತ್ತಾರೆ. ಅಪ್ಪಣೆಯಲ್ಲ, ಮನಸ್ಸಿಲ್ಲದವರು ಹೋಗಬಹುದು ಎನ್ನುತ್ತಾರೆ. ಕೆಲವರು ಎದ್ದು ಹೋಗುತ್ತಾರೆ! ಅವರನ್ನು ಯಾರೂ ಹೇಡಿ ಎನ್ನುವುದಿಲ್ಲ. ಉಳಿದವರಿಗೆ ತಮ್ಮಲ್ಲೇ ಒಬ್ಬನಾದ ಎಂಜಿನಿಯರು ಹೇಳುವ ಮಾತಿನ ತಾತ್ಪರ್ಯವಿಷ್ಟು: ಈ ದೇಶ ನಮ್ಮ ಪ್ರಾಣವನ್ನು ಕಾಸಿಗೆ ಕಡೆ ಮಾಡಿತು, ಈ ಸಲದ ಕೆಲಸದಲ್ಲಿ ಒಬ್ಬರೂ ಸಾಯಬಾರದು. ಕೊನೆಗೆ ಎರಡು ಹಡಗುಗಳಿಗೂ ಎಳೆಯಲಾಗದ ಭಾರವನ್ನು ಎಳೆಯಲು ಸಣ್ಣ ಸಣ್ಣ ದೋಣಿಗಳು ಸಾಲುಸಾಲಾಗಿ ಬಂದು ಹಗ್ಗ ಕಟ್ಟುತ್ತವೆ. ಹಾರುವ ವೀರ ಎಲ್ಲಿಂದಲೂ ಇಳಿಯಲಿಲ್ಲ. ನಮ್ಮ ಕಣ್ಣು ತುಂಬಿ ಬಂದದ್ದನ್ನು ಒಪ್ಪಿಕೊಳ್ಳುತ್ತೇವೆ.

ಕೊರತೆಯನ್ನೂ ಹೇಳಬೇಕು. ಜಪಾನಿನ ಸರ್ಕಾರ ತನ್ನ ಸಿಪಾಯಿಗಳನ್ನು ಬಲಿಕೊಟ್ಟದ್ದನ್ನು ಹೇಳುವ ಈ ಚಿತ್ರ, ಅದೇ ಸರ್ಕಾರ ಚೀನಾ, ಕೊರಿಯಾಗಳಲ್ಲಿ ಮಾಡಿದ್ದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅದು ಸಣ್ಣ ಮರೆವಲ್ಲ.

'ಮೈನಸ್ ಒನ್'ನ ಚಮತ್ಕಾರ ದೃಶ್ಯಗಳನ್ನು ಸುಮಾರು ೩೫ ಮಂದಿಯ ತಂಡ ಕಟ್ಟಿತು. ೨೦೨೪ರಲ್ಲಿ ಅದಕ್ಕೆ ಆಸ್ಕರ್ ಬಂತು. ಕಡಮೆ ಹಣದಲ್ಲಿ ಮಾಡಿದರೆಂದು ಎಲ್ಲರೂ ಹೊಗಳಿದರು. ಕಡಮೆ ಹಣವೆಂದರೆ ಯಾರ ಎಷ್ಟು ರಾತ್ರಿಯ ನಿದ್ದೆ ಎಂದು ಕೇಳುವ ಅಭ್ಯಾಸ ನಮಗಿದೆ. ಆ ಹುಡುಗನಿಗೆ ನಾವು ಮರುದಿನ ಹೇಳಿದ್ದು ಇದನ್ನೇ. ಪರದೆಯ ಮೇಲೆ ಬೀಳುವ ಪ್ರತಿಯೊಂದು ಇಟ್ಟಿಗೆಯನ್ನೂ ಗಣಕಯಂತ್ರದ ಮುಂದೆ ಕುಳಿತು ಯಾರೋ ಒಬ್ಬರು ಮಾಡಿರುತ್ತಾರಪ್ಪ, ಆ ಕಲ್ಲುಮಣ್ಣೂ ಒಂದು ದುಡಿಮೆ ಎಂದೆವು. ಅಮೆರಿಕದ ಮಾರ್ವೆಲ್ ಕಂಪನಿಯಲ್ಲಿ ಈ ಕೆಲಸ ಮಾಡುವವರು ೨೦೨೩ರ ಸೆಪ್ಟೆಂಬರಿನಲ್ಲಿ ಮತ ಹಾಕಿ, ಒಂದೂ ವಿರೋಧ ಮತವಿಲ್ಲದೆ, ಸಂಘ ಕಟ್ಟಿಕೊಂಡರು. ನಮ್ಮ ಬೆಂಗಳೂರಿನಲ್ಲಿಯೂ ಇದೇ ದುಡಿಮೆಯ ದೊಡ್ಡ ಕಾರ್ಖಾನೆಯೊಂದಿತ್ತು, ಟೆಕ್ನಿಕಲರ್ ಎಂಬ ವಿದೇಶಿ ಸಮೂಹದ್ದು. ೨೦೧೯ರ ಗಾಡ್ಜಿಲ್ಲ ಚಿತ್ರಕ್ಕೆ ಕೆಲಸ ಮಾಡಿದ ಎಂಪಿಸಿ ಆ ಸಮೂಹದ್ದೇ. ೨೦೨೫ರ ಫೆಬ್ರವರಿಯಲ್ಲಿ ಸಮೂಹ ಕುಸಿದುಬಿತ್ತು. ಬೆಂಗಳೂರಿನಲ್ಲಿ ಸುಮಾರು ೩,೦೦೦ ಮಂದಿಯ ಕೆಲಸ ಹೋಯಿತೆಂದು ಪತ್ರಿಕೆಗಳು ಬರೆದವು.

ಹುಡುಗ ಲೋಟ ಕೆಳಗಿಟ್ಟ. "ಅವ್ರಿಗೆ ಸಂಬಳ ಬಾಕಿ ಇತ್ತಾ ಮೇಷ್ಟ್ರೇ?" ಎಂದ.