ಕೆಂಪೇರುವ ಮುಖವೂ ಅಕಾಲದ ಮುಪ್ಪೂ

ಮುಪ್ಪು ಬರುವುದು ದೇಹಧರ್ಮ. ಅದನ್ನು ತಡೆದು ನಿಲ್ಲಿಸುವೆನೆಂದು ಹೊರಟವರಲ್ಲಿ ಗೆದ್ದವರು ಯಾರೂ ಇಲ್ಲ. ಆದರೆ ಬರತಕ್ಕ ಕಾಲಕ್ಕಿಂತ ಹತ್ತು ವರುಷ ಮೊದಲೇ ಅದು ಮುಖದ ಮೇಲೆ ಬಂದು ಕುಳಿತರೆ, ಅದಕ್ಕೆ ಬಾಗಿಲು ತೆರೆದವರು ಬಹುಮಟ್ಟಿಗೆ ನಾವೇ ಆಗಿರುತ್ತೇವೆ. ಸ್ವಲ್ಪ ಬಿಸಿಲಿಗೆ, ಸ್ವಲ್ಪ ಖಾರಕ್ಕೆ, ಒಲೆಯ ಝಳಕ್ಕೆ ಕೆಂಪೇರಿ ಉರಿಯುವ ನಾಜೂಕು ಚರ್ಮದವರ ಸಂಗತಿಯಲ್ಲಂತೂ ಈ ಮಾತು ಹೆಚ್ಚು ನಿಜ. ಈ ತಿಂಗಳು ಅಂಥವರ ಸಲುವಾಗಿ ನಾಲ್ಕು ಮಾತು ಬರೆಯುವೆನು.

ಕಳೆದ ಮಾಘದಲ್ಲಿ ರೋಣಕ್ಕೆ ಅಕ್ಕನ ಮನೆಗೆ ಹೋಗಿದ್ದೆನು. ಎರೆ ಹೊಲಗಳಲ್ಲಿ ಕಡಲೆ ಕೀಳುವ ಸುಗ್ಗಿ. ಅಕ್ಕನ ಸೊಸೆ ನರಗುಂದದ ಕಡೆಯ ಹೆಣ್ಣುಮಗಳು. ವಯಸ್ಸು ನಲವತ್ತರ ಹತ್ತಿರ. ಆ ವರುಷವೇ ಅವಳ ಮಗಳ ಲಗ್ನ ಗೊತ್ತಾಗಿದ್ದಿತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕುಳಿತವಳು ಎರಡು ರೊಟ್ಟಿಗೊಮ್ಮೆ ಎದ್ದು ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಂಡು ಬರುತ್ತಿದ್ದಳು. ಕೆನ್ನೆಗಳು ಕೆಂಪಾಗಿ, ಅವುಗಳ ಮೇಲೆ ಕೂದಲಿನಂಥ ರಕ್ತನಾಳಗಳು ಎದ್ದು ತೋರುತ್ತಿದ್ದುವು. “ಇದೇನವ್ವಾ ಮುಖಾ ಹಿಂಗ?” ಎಂದು ಕೇಳಿದೆನು. ಮೊದಲು ಏನೂ ಇಲ್ಲವೆಂದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಂದು, ಸೆರಗಿನ ಗಂಟಿನಿಂದ ಸಣ್ಣದೊಂದು ಟ್ಯೂಬನ್ನು ತೆಗೆದು ನನ್ನ ಕೈಯಲ್ಲಿಟ್ಟಳು.

“ಮಗಳ ಲಗ್ನದಾಗ ಮುದುಕಿ ಕಂಡಾಂಗ ಕಾಣಬಾರದಂತ ಹಚ್ಚಾಕ ಹತ್ತಿದ್ನಿರೀ ಅತ್ತೀ. ಮೊದಲ ಹದಿನೈದು ದಿನ ಮುಖ ಬೆಳಕಾತು, ಎಲ್ಲಾರೂ ಕೇಳಿದ್ರು. ಈಗ ಹಚ್ಚಿದ್ರ ತಂಪು ಆಗತದ, ಬಿಟ್ರ ಬೆಂಕಿ ಬಿದ್ಧಾಂಗ ಉರೀತದ. ಬಿಡೂದು ಹೆಂಗ್ರೀ?”

ಈ ಪ್ರಶ್ನೆಯನ್ನು ಕೇಳುತ್ತಿರುವವಳು ಅವಳೊಬ್ಬಳೇ ಅಲ್ಲ. ಆ ಟ್ಯೂಬಿನಲ್ಲಿ ಇದ್ದುದು ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡು. ಇಂಥ ಔಷಧಗಳು ಚರ್ಮರೋಗಗಳಲ್ಲಿ ಬಹಳ ಉಪಕಾರಿಗಳು. ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚತಕ್ಕವು. ಆದರೆ ನಮ್ಮ ದೇಶದಲ್ಲಿ ಅವುಗಳನ್ನು ಹೈಡ್ರೋಕ್ವಿನೋನ್ ಮೊದಲಾದ ಬಣ್ಣ ತಿಳಿಮಾಡುವ ವಸ್ತುಗಳೊಡನೆ ಬೆರೆಸಿದ ಮುಲಾಮುಗಳನ್ನು ಜನರು ಮುಖದ ಕಾಂತಿಗೆಂದು ತಾವಾಗಿಯೇ ಕೊಂಡು ಹಚ್ಚುವ ರೂಢಿ ಬೆಳೆಯಿತು. ಸ್ಟೀರಾಯ್ಡು ರಕ್ತನಾಳಗಳನ್ನು ಕುಗ್ಗಿಸುವುದರಿಂದ ಮೊದಲ ಕೆಲವು ದಿನ ಮುಖವು ತಿಳಿಯಾಗಿ ತೋರುವುದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವು ತೆಳುವಾಗಿ ನಾಳಗಳು ಹೊರಗೆ ಕಾಣುವುವು. ಮೊಡವೆಗಳೂ, ಹೆಂಗಸರ ಗಲ್ಲದ ಮೇಲೆ ಕೂದಲೂ ಏಳುವುವು. ಬಿಟ್ಟೊಡನೆ ಕುಗ್ಗಿದ್ದ ನಾಳಗಳು ಹಿಗ್ಗಿ ಉರಿಯೇಳುವುದು. ಆ ಉರಿಗೆ ಹೆದರಿ ಮತ್ತೆ ಹಚ್ಚುವರು. ಭಾರತದ ಚರ್ಮವೈದ್ಯರು ಈ ಅವಸ್ಥೆಗೆ ಬೇರೊಂದು ಹೆಸರನ್ನೇ ಕೊಟ್ಟು, ಸರಕಾರಕ್ಕೆ ಪದೇ ಪದೇ ಬಿನ್ನವಿಸಿಕೊಂಡರು. ೨೦೧೮ರಲ್ಲಿ ಕೇಂದ್ರ ಸರಕಾರವು ೧೪ ಬಗೆಯ ಸ್ಟೀರಾಯ್ಡು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ವಿಧಿಯಿದ್ದರೂ ಟ್ಯೂಬು ಸೆರಗಿನ ಗಂಟಿನಲ್ಲಿ ಇದ್ದಿತಲ್ಲ!

ಇಲ್ಲಿ ವಿಚಾರಿಸತಕ್ಕ ಸಂಗತಿ ಒಂದುಂಟು. ವಯಸ್ಸಾದಂತೆ ಚರ್ಮ ತೆಳುವಾಗುವುದು, ಅದರೊಳಗಿನ ಕೊಲಾಜೆನ್ ಎಂಬ ನಾರು ಸವೆಯುವುದು, ನಾಳಗಳು ಕಾಣಿಸುವುದು, ಇವೇ ಮುಪ್ಪಿನ ಗುರುತುಗಳು. ಆ ಮುಲಾಮು ಆರು ತಿಂಗಳಲ್ಲಿ ಮಾಡಿದುದೂ ಅದನ್ನೇ. ಎಳೆತನವನ್ನು ಕೊಳ್ಳಹೋಗಿ ನಮ್ಮ ಹುಡುಗಿಯು ದುಡ್ಡು ಕೊಟ್ಟು ಮುಪ್ಪನ್ನು ಮನೆಗೆ ತಂದುಕೊಂಡಿದ್ದಳು.

ಕೆಂಪೇರುವ ಮುಖಕ್ಕೆ ಕಾರಣಗಳು ಹಲವು. ಹುಟ್ಟಿನಿಂದ ನಾಜೂಕಾದ ಚರ್ಮವುಳ್ಳವರುಂಟು. ಮೂವತ್ತು ದಾಟಿದವರಲ್ಲಿ ಮೂಗು, ಕೆನ್ನೆಗಳು ಆಗಾಗ ಬಿಸಿಯೇರಿ ಕೆಂಪಾಗುವ ರೊಸೇಸಿಯ ಎಂಬ ಬೇನೆಯುಂಟು. ಬಿಳಿಯರ ಮುಖದಲ್ಲಿ ಅದು ಗುಲಾಬಿಯಂತೆ ಎದ್ದು ಕಾಣುವುದು. ನಮ್ಮ ಗೋದಿಬಣ್ಣದ, ಎಣ್ಣೆಗೆಂಪಿನ ಮುಖಗಳಲ್ಲಿ ಕಂದುಬಣ್ಣದ ಛಾಯೆಯಾಗಿ ಅಡಗಿಕೊಳ್ಳುವುದು. ಆದಕಾರಣ ಕನ್ನಡಿಯೊಂದನ್ನೇ ನಂಬದೆ ಉರಿ, ಚುರುಚುರು, ಬಿಸಿ, ಇವುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ನಮ್ಮ ರೋಣ, ನರಗುಂದ, ಗಜೇಂದ್ರಗಡದ ಹೊಲಮನೆಗಳಲ್ಲಿ ಇರುವ ಕಾರಣಗಳನ್ನು ನೋಡುವಾ. ಕಡಲೆಯ ಎಲೆಗಳ ಮೇಲೆ ಹುಳಿ ಒಸರುವುದನ್ನು ಒಕ್ಕಲಗಿತ್ತಿಯರೆಲ್ಲರೂ ಬಲ್ಲರು. ಅದರಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಎಂಬ ಆಮ್ಲಗಳಿವೆ. ಒಡೆದ ಕೈಗೆ ಅದು ತಗುಲಿದರೆ ಹೇಗೆ ಚುರುಗುಟ್ಟುವುದೆಂಬುದನ್ನು ಹೇಳಬೇಕಾಗಿಲ್ಲ. ಇಂದು ಸುಕ್ಕು ಹೋಗುವುದೆಂದು ಮಾರುವ ‘ಹಣ್ಣಿನ ಆಮ್ಲ’ಗಳು ಇದೇ ಜಾತಿಯವು, ಮ್ಯಾಲಿಕ್ ಆಮ್ಲವೂ ಅವುಗಳಲ್ಲೊಂದು. ಗಟ್ಟಿ ಚರ್ಮದವರಿಗೆ ಅವು ಒಗ್ಗಬಹುದು. ಕೆಂಪೇರುವ ಮುಖಕ್ಕೆ ಅವುಗಳನ್ನು ಹಚ್ಚುವುದೆಂದರೆ ಒಡೆದ ಕೈಯಿಂದ ಕಡಲೆ ಕಿತ್ತಂತೆಯೇ. ಮೆಣಸಿನಕಾಯಿಯ ತೊಟ್ಟು ಮುರಿದ ಕೈಯಿಂದ ಮುಖ ಮುಟ್ಟಿದರೂ ಹಾಗೆಯೇ ಆಗುವುದು. ಅದರ ಖಾರವು ಬರಿಯ ನೀರಿಗೆ ಹೋಗದು. ಮೊದಲು ಕೈಗೆ ಎಣ್ಣೆ ಸವರಿ, ಬಳಿಕ ಸಾಬೂನಿನಿಂದ ತೊಳೆಯಬೇಕು.

ಮತ್ತೊಂದು ಕಾರಣ ಹೊಲದ ಬದುವಿನಲ್ಲಿಯೇ ನಿಂತಿದೆ. ಕಾಂಗ್ರೆಸ್ ಕಸವೆಂದು ನಾವು ಕರೆಯುವ ಪಾರ್ಥೇನಿಯಮ್ ಗಿಡವು ಅಮೆರಿಕೆಯ ಕಡೆಯದು. ೧೯೫೦ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು, ಮುಂದೆ ದೇಶವನ್ನೆಲ್ಲ ಹಬ್ಬಿತು. ಅದರೊಳಗಿನ ಪಾರ್ಥೇನಿನ್ ಎಂಬ ವಸ್ತುವು ಒಣಗಿದ ಪುಡಿಯಾಗಿ ಗಾಳಿಯಲ್ಲಿ ಹಾರಿ ಬಂದು, ಒಗ್ಗದವರ ಕಣ್ಣುರೆಪ್ಪೆ, ಮುಖ, ಕುತ್ತಿಗೆ, ಮೊಣಕೈಯ ಮಡಿಕೆಗಳಲ್ಲಿ ಕೆಂಪನ್ನೂ ತುರಿಕೆಯನ್ನೂ ಎಬ್ಬಿಸುವುದು. ವರುಷಗಟ್ಟಲೆ ತುರಿಸಿದ ಚರ್ಮವು ದಪ್ಪಗಾಗಿ, ಕಪ್ಪಾಗಿ, ಮಡಿಕೆಬಿದ್ದು, ಐವತ್ತರ ರೈತನು ಎಪ್ಪತ್ತರವನಂತೆ ಕಾಣುವನು. ಕೆಲವರಿಗೆ ಕಡೆಗೆ ಬಿಸಿಲೇ ಆಗದಂತಾಗುವುದು. ಈ ಕಸವನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೋದಿಂದ ತರಿಸಿ ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ತಿಂದಷ್ಟೂ ಗಿಡ ಉಳಿದೇ ಇದೆ. ಹೂವಾಗುವ ಮೊದಲೇ ಕೈಚೀಲ ತೊಟ್ಟು, ಮೈಮುಚ್ಚಿಕೊಂಡು ಕೀಳಬೇಕು. ಈಗಾಗಲೇ ಬೇನೆಯಿದ್ದವರು ಆ ಕೆಲಸಕ್ಕೆ ಹೋಗಬಾರದು.

ಎಲ್ಲಕ್ಕಿಂತ ದೊಡ್ಡ ಕಾರಣ ಬಿಸಿಲು. ಮುಖದ ಅಕಾಲದ ಮುಪ್ಪಿಗೂ ರೊಸೇಸಿಯದ ಕೆಂಪಿಗೂ ಅದೇ ಬೆಂಕಿ ಹಚ್ಚತಕ್ಕದ್ದು. ೨೦೧೨ರಲ್ಲಿ ಅಮೆರಿಕೆಯ ವೈದ್ಯಪತ್ರಿಕೆಯೊಂದು ೬೯ ವರುಷದ ಒಬ್ಬ ಟ್ರಕ್ಕು ಚಾಲಕನ ಚಿತ್ರವನ್ನು ಪ್ರಕಟಿಸಿತು. ೨೮ ವರುಷ ಕಿಟಕಿಯ ಕಡೆಗಿದ್ದ ಅವನ ಎಡಗೆನ್ನೆ ಆಳವಾಗಿ ಸುಕ್ಕುಗಟ್ಟಿದ್ದಿತು. ನೆರಳಿಗಿದ್ದ ಬಲಗೆನ್ನೆ ಅಷ್ಟಾಗಿ ಕೆಟ್ಟಿರಲಿಲ್ಲ. ಒಂದೇ ಮುಖ, ಒಂದೇ ವಯಸ್ಸು! ಸುಕ್ಕು ತರುವ ಕಿರಣಗಳು ಗಾಜನ್ನೂ ದಾಟಿ ಬರುವುವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ಬಣ್ಣದವರಿಗೆ ಸುಕ್ಕು ತಡವಾಗಿ ಬರುವುದು ನಿಜ. ಆದರೆ ಕಪ್ಪುಕಲೆಗಳು ಬೇಗನೆ ಬರುವುವು.

ಈಗ ಉಪಾಯಗಳನ್ನು ಹೇಳುವೆನು. ಅಕ್ಕನ ಸೊಸೆಯನ್ನು ಗದಗಿಗೆ ಕರೆದುಕೊಂಡು ಹೋದಾಗ ಅಲ್ಲಿಯ ಚರ್ಮವೈದ್ಯರು ಮೊದಲು ಕೇಳಿದ್ದು, “ಮುಖಕ್ಕೆ ಏನೇನು ಹಚ್ಚುತ್ತೀರಿ, ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದೀರಾ?” ಎಂದು. ಟ್ಯೂಬಿನ ಜೊತೆಗೆ ಲಿಂಬೆಯ ರಸ, ಅರಿಷಿಣ, ಕಡಲೆಹಿಟ್ಟು, ಯಾರೋ ಕೊಟ್ಟ ತೈಲ, ಇಷ್ಟೂ ಹೊರಬಿದ್ದುವು. ಒಂದೊಂದನ್ನೂ ಒಬ್ಬೊಬ್ಬ ಹಿತೈಷಿ ಸೇರಿಸಿದ್ದರು. ವೈದ್ಯರು ಹೊಸದನ್ನು ಬರೆಯುವ ಮೊದಲು ಹಳೆಯವುಗಳನ್ನು ತೆಗೆಸಿದರು. ನಾಜೂಕು ಚರ್ಮದ ಆರೈಕೆಯಲ್ಲಿ ಮೊದಲನೆಯ ಸೂತ್ರ ಇದೇ: ಹಚ್ಚುವುದನ್ನು ಕಲಿಯುವ ಮೊದಲು ಬಿಡುವುದನ್ನು ಕಲಿಯಬೇಕು. ಲಿಂಬೆಯ ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಕಲೆಯಾಗುವುದುಂಟು. ಅರಿಷಿಣವೂ ಕೆಲವರಿಗೆ ಒಗ್ಗದು. ಹಿಟ್ಟಿನಿಂದ ತಿಕ್ಕುವುದು ಕೆಂಪಾದ ಚರ್ಮಕ್ಕೆ ಗಾಯದ ಮೇಲೆ ಗೀರಿದಂತೆ. ಸ್ಟೀರಾಯ್ಡನ್ನು ಮಾತ್ರ ಒಮ್ಮೆಲೇ ಬಿಟ್ಟು ಉರಿಯಲ್ಲಿ ಒದ್ದಾಡದೆ, ಬಹುದಿನ ಹಚ್ಚಿದವರು ವೈದ್ಯರ ಕೈಕೆಳಗೆ ಕ್ರಮವಾಗಿ ಇಳಿಸಬೇಕು.

ಎರಡನೆಯದು ತೊಳೆಯುವ ರೀತಿ. ಚರ್ಮವು ಸ್ವಭಾವತಃ ತುಸು ಹುಳಿಯ ಗುಣವುಳ್ಳದ್ದು. ಸಾಮಾನ್ಯ ಸಾಬೂನು ಕ್ಷಾರದ್ದು. ದಿನಕ್ಕೆ ಎರಡು ಸಲ ಉಗುರುಬೆಚ್ಚಗಿನ ನೀರಿನಿಂದ ಮುಖ ತೊಳೆದರೆ ಸಾಕು; ಬೇಕಾದರೆ ಪರಿಮಳವಿಲ್ಲದ, ಕ್ಷಾರವಿಲ್ಲದ ಸೌಮ್ಯ ದ್ರವವನ್ನು ಬಳಸಬಹುದು. ತಿಕ್ಕದೆ ಮೆತ್ತನೆಯ ಬಟ್ಟೆಯಿಂದ ಒತ್ತಿ, ಪಸೆ ಆರುವ ಮೊದಲೇ ಗ್ಲಿಸರಿನ್ ಅಥವಾ ಪೆಟ್ರೋಲಿಯಂ ಜೆಲ್ಲಿಯುಳ್ಳ ಸಾದಾ ಲೇಪವನ್ನು ತೆಳುವಾಗಿ ಹಚ್ಚಬೇಕು. ಬೆಲೆ ಹೆಚ್ಚಾದ ಮಾತ್ರಕ್ಕೆ ಗುಣ ಹೆಚ್ಚಲ್ಲ. ಇಂಗ್ಲೆಂಡಿನ ಶೆಫೀಲ್ಡಿನವರು ೨೦೧೩ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ದುಬಾರಿಯ ಆಲಿವ್ ಎಣ್ಣೆಯು ಚರ್ಮದ ಕಾಪನ್ನು ಸಡಿಲಿಸಿತು. ಸೂರ್ಯಕಾಂತಿಯ ಎಣ್ಣೆ ಹಾಗೆ ಮಾಡಲಿಲ್ಲ.

ಮೂರನೆಯದು ನೆರಳು. ಹೊಲಕ್ಕೆ ಹೋಗುವಾಗ ಹಣೆಯ ಮೇಲೆ ಬರುವಂತೆ ಸೆರಗು, ಗಂಡಸರಿಗೆ ರುಮಾಲು, ನಡುಹಗಲಿಗೆ ಛತ್ರಿ. ಗಜೇಂದ್ರಗಡದ ಮಗ್ಗದ ಒತ್ತು ನೆಯ್ಗೆಯ ಬಟ್ಟೆ ಬೆವರಿಗೂ ಸುಖ, ಬಿಸಿಲಿಗೂ ತಡೆ. ಇದರ ಮೇಲೆ ಬಿಸಿಲು ತಡೆಯುವ ಲೇಪ. ನಾಜೂಕು ಚರ್ಮಕ್ಕೆ ಝಿಂಕ್ ಆಕ್ಸೈಡ್ ಅಥವಾ ಟೈಟೇನಿಯಂ ಡೈಆಕ್ಸೈಡ್ ಇರುವಂಥದು ಹೆಚ್ಚಾಗಿ ಒಗ್ಗುವುದು. ಮೇಲೆ ಎಸ್‌ಪಿಎಫ್ ೩೦ ಎಂದಿದ್ದರೆ, ಸರಿಯಾಗಿ ಹಚ್ಚಿದಾಗ, ಸುಡುವ ಕಿರಣಗಳಲ್ಲಿ ನೂರಕ್ಕೆ ಸುಮಾರು ೯೭ನ್ನು ತಡೆಯುವುದು. ಮುಖಕ್ಕೂ ಕುತ್ತಿಗೆಗೂ ಎರಡು ಬೆರಳುದ್ದ ಬೇಕು. ಹೊರಗಿದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಆಸ್ಟ್ರೇಲಿಯದಲ್ಲಿ ನಾಲ್ಕೂವರೆ ವರುಷ ನಡೆದು ೨೦೧೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನಾಲು ಲೇಪ ಹಚ್ಚಿದವರ ಚರ್ಮದ ಮುಪ್ಪು ಮನಸ್ಸಿಗೆ ಬಂದಾಗ ಹಚ್ಚಿದವರದಕ್ಕಿಂತ ನೂರಕ್ಕೆ ೨೪ರಷ್ಟು ಕಡಿಮೆಯಾಗಿದ್ದಿತು. ಮುಪ್ಪಿಗೆ ಇದಕ್ಕಿಂತ ಒಳ್ಳೆಯ ಮದ್ದನ್ನು ಅಂಗಡಿಯಲ್ಲಿ ಹುಡುಕಬೇಕಾಗಿಲ್ಲ.

ನಾಲ್ಕನೆಯದು ಸುಕ್ಕಿನ ಔಷಧಗಳು. ಉರಿ ಪೂರ್ತಿ ಆರಿದ ಮೇಲೆಯೇ ಇವುಗಳ ಯೋಚನೆ. ಕೆಂಪು, ಮೊಡವೆ, ಕಲೆ ಮೂರಕ್ಕೂ ಉಪಯೋಗಿಸುವ ಅಜೆಲಾಯಿಕ್ ಆಮ್ಲವೂ, ಬಿ-೩ ಜೀವಸತ್ವದ ಒಂದು ರೂಪವಾದ ನಿಯಾಸಿನಮೈಡೂ ಸಾಮಾನ್ಯವಾಗಿ ಸೌಮ್ಯವಾದವು. ಎ ಜೀವಸತ್ವದಿಂದಾದ ರೆಟಿನಾಯ್ಡುಗಳು ಸುಕ್ಕಿಗೆ ನಿಜವಾಗಿ ಉಪಯೋಗವಾದರೂ ಚರ್ಮವನ್ನು ಕೆರಳಿಸುವಂಥವು. ವೈದ್ಯರ ಒಪ್ಪಿಗೆಯಿದ್ದರೆ ವಾರಕ್ಕೆ ಎರಡು ರಾತ್ರಿ, ಬಟಾಣಿಕಾಳಿನಷ್ಟು, ಮೊದಲು ಸಾದಾ ಲೇಪ ಹಚ್ಚಿ ಅದರ ಮೇಲೆ ಹಚ್ಚಬೇಕು. ಬಸುರಿಯರು ಅವುಗಳನ್ನು ಮುಟ್ಟಲೇಬಾರದು. ಯಾವ ಹೊಸ ವಸ್ತುವನ್ನಾದರೂ ಒಂದು ವಾರ ಮುಂಗೈಯ ಒಳಭಾಗದಲ್ಲಿ ಹಚ್ಚಿ ನೋಡಿ, ಬಳಿಕ ಮುಖಕ್ಕೆ ತರುವುದು ಜಾಣತನ. ಎರಡು ಹೊಸ ವಸ್ತುಗಳನ್ನು ಒಟ್ಟಿಗೆ ಆರಂಭಿಸಿದರೆ ತಪ್ಪಿತಸ್ಥ ಯಾವುದೆಂದು ತಿಳಿಯದು.

ಆಹಾರದಲ್ಲಿ ಎಲ್ಲರಿಗೂ ಒಂದೇ ಪಥ್ಯವಿಲ್ಲ. ಒಬ್ಬಳಿಗೆ ರಂಜಕ, ಮತ್ತೊಬ್ಬಳಿಗೆ ಕುದಿಯುವ ಚಹ ಕೆಂಪು ತರಬಹುದು. ಹದಿನೈದು ದಿನ ತಿಂದುದನ್ನೂ ಮುಖದ ಉರಿಯನ್ನೂ ಬರೆದಿಟ್ಟು ನೋಡಿದರೆ ತನ್ನ ವೈರಿ ಯಾರೆಂದು ತಾನೇ ಕಂಡುಕೊಳ್ಳಬಹುದು.

ಕೆಲವು ಕೆಂಪುಗಳನ್ನು ಮನೆಯಲ್ಲಿ ಇಟ್ಟುಕೊಳ್ಳತಕ್ಕದ್ದಲ್ಲ. ಕೆಂಪಾದ ಮಚ್ಚೆಯಲ್ಲಿ ಸ್ಪರ್ಶಜ್ಞಾನವಿಲ್ಲದಿದ್ದರೆ ಕುಷ್ಠದ ಸಂಶಯ. ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆಯಾಗಿ ಪೂರ್ಣ ಗುಣವಾಗುವ ಔಷಧವಿದೆ. ಎರಡೂ ಕೆನ್ನೆಗಳ ಕೆಂಪಿನೊಡನೆ ಜ್ವರ, ಕೀಲುನೋವುಗಳಿದ್ದರೂ, ಕಣ್ಣು ಕೆಂಪಾಗಿ ಮರಳು ಬಿದ್ದಂತೆ ಒತ್ತಿದರೂ ಕೂಡಲೇ ವೈದ್ಯರನ್ನು ಕಾಣಬೇಕು.

ವೈಶಾಖದಲ್ಲಿ ಲಗ್ನವಾಯಿತು. ಮೊದಲ ಮೂರು ವಾರ ಹುಡುಗಿಗೆ ಬಹಳ ಕಷ್ಟವಾಯಿತು. ಎರಡು ರಾತ್ರಿ ಮತ್ತೆ ಟ್ಯೂಬಿಗೆ ಕೈಹಾಕಿದಳಂತೆ. ಅಕ್ಕನೇ ಪಕ್ಕದಲ್ಲಿ ಕುಳಿತು ಒದ್ದೆಬಟ್ಟೆ ಹಾಕಿ, “ತಡಿ ನನ್ನವ್ವ, ಇನ್ನೊಂದಿಷ್ಟು ತಡಿ” ಎಂದು ಬೆಳಗುಮಾಡಿದಳು. ಒಲೆಯ ಕೆಲಸವನ್ನು ಮನೆಯ ಉಳಿದವರು ಹಂಚಿಕೊಂಡರು. ಅಕ್ಷತೆಯ ದಿನ ಅವಳ ಕೆನ್ನೆಯ ಮೇಲಿನ ನಾಳಗಳು ಪೂರ್ತಿ ಮರೆಯಾಗಿರಲಿಲ್ಲ. ಕಣ್ಣ ಸುತ್ತಲಿನ ನಾಲ್ಕು ಗೆರೆಗಳೂ ಇದ್ದುವು. ಆದರೆ ಉರಿ ಇರಲಿಲ್ಲ. ಮಗಳನ್ನು ಒಪ್ಪಿಸಿಕೊಡುವಾಗ ಅತ್ತು, ಕಣ್ಣೀರು ಕೆನ್ನೆಯ ಮೇಲಿಳಿದಾಗಲೂ ಉರಿಯಲಿಲ್ಲವೆಂದು ಆಮೇಲೆ ನನಗೆ ಹೇಳಿದಳು.

ವಾಚಕ ಸೋದರಿಯರೇ, ನಿಮ್ಮ ಮನೆಯಲ್ಲಿಯೂ ಸೆರಗಿನ ಗಂಟಿನಲ್ಲಿ ಇಂಥದೊಂದು ಟ್ಯೂಬು ಇದ್ದೀತು. ಅದನ್ನು ಕಂಡರೆ ಬೈಯದೆ, ನಗೆಯಾಡದೆ, ಕೈಹಿಡಿದು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ.