ಅಡಿಬರಹ ನುಂಗಿದ ಕೈಗಳು

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ, ಹಂಟರ್ ನದಿಯ ಸೀಮೆಯ ರೇಮಂಡ್ ಟೆರೇಸ್ ಬಳಿ ಇರವಾಂಗ್ ಎಂಬ ಎಸ್ಟೇಟ್ ಇತ್ತು. 1830ರ ದಶಕದಲ್ಲಿ ಜೇಮ್ಸ್ ಕಿಂಗ್ ಎಂಬುವನು ಅಲ್ಲಿ ದ್ರಾಕ್ಷಿ ಬೆಳೆಸಿದ, ಕುಂಬಾರಿಕೆಯ ಕಾರ್ಖಾನೆಯನ್ನೂ ಹಾಕಿದ. ವಸಾಹತು ಕಾಲದ ಅಚ್ಚುಚಿತ್ರವೊಂದು ಇವೆರಡನ್ನೂ ಹೆಸರಿಸಿ ಇರವಾಂಗನ್ನು ತೋರಿಸುತ್ತದೆ. ಇಂಥ ಚಿತ್ರ ಕಂಡೊಡನೆ ‘ಆಹಾ, ಎಂಥ ನೆಮ್ಮದಿಯ ಹಳ್ಳಿ ಬದುಕು’ ಎನ್ನುವವರೊಂದಿಗೆ ನನ್ನ ಜಗಳ.

ತೋಟವೆಂದರೆ ನೆಲ ಅಗೆಯಬೇಕು, ಬಳ್ಳಿ ಸವರಬೇಕು. ಕುಂಬಾರಿಕೆಯೆಂದರೆ ಮಣ್ಣು ಹದ ಮಾಡಬೇಕು, ಆವಿಗೆಗೆ ಬೆಂಕಿ ಹಾಕಬೇಕು. ಇದನ್ನೆಲ್ಲ ಮಾಡಿದವರು ಯಾರು? ಕಿಂಗ್‌ನ ಆಳುಗಳಲ್ಲಿ ಬ್ರಿಟನ್ನಿನಿಂದ ಗಡೀಪಾರಾಗಿ ಬಂದ ಕೈದಿಗಳಿದ್ದರು. ಸರ್ಕಾರ ಅಂಥವರನ್ನು ಭೂಮಾಲೀಕರಿಗೆ ಹಂಚುತ್ತಿತ್ತು. ಧಣಿ ಅನ್ನ, ಬಟ್ಟೆ, ಸೂರು ಕೊಟ್ಟರೆ ಸಾಕು, ಕೂಲಿ ಕೊಡಬೇಕಿರಲಿಲ್ಲ. ಅವನು ದೂರಿದರೆ ಮ್ಯಾಜಿಸ್ಟ್ರೇಟ್ ಚಾಟಿಯೇಟಿನ ಶಿಕ್ಷೆ ವಿಧಿಸಬಹುದಿತ್ತು. ಇನ್ನು ಆ ನೆಲ ವೊರಿಮಿ ಜನರದು. ಅವರೊಡನೆ ಯಾವ ಒಪ್ಪಂದವನ್ನೂ ಮಾಡಿಕೊಳ್ಳದೆ ಸರ್ಕಾರ ಅದನ್ನು ಮಂಜೂರು ಮಾಡಿತು.

‘ಹಳೆಯ ಚಿತ್ರವನ್ನು ಇಂದಿನ ನೀತಿಯಿಂದ ಅಳೆಯಬೇಡಿ’ ಎಂಬುದು ಸಿದ್ಧ ಉತ್ತರ. ಸರಿ, ಅಂದಿನ ನೀತಿಯಿಂದಲೇ ಅಳೆಯೋಣ. ಬ್ರಿಟಿಷ್ ಸಂಸತ್ತಿನದೇ ಮೋಲ್ಸ್‌ವರ್ತ್ ಸಮಿತಿ 1838ರಲ್ಲಿ ಈ ಕೈದಿ ಹಂಚಿಕೆಯನ್ನು ಗುಲಾಮಗಿರಿಗೆ ಹೋಲಿಸಿ ಖಂಡಿಸಿತು. 1840ರಲ್ಲಿ ನ್ಯೂ ಸೌತ್ ವೇಲ್ಸ್‌ಗೆ ಕೈದಿಗಳನ್ನು ಸಾಗಿಸುವುದೇ ನಿಂತಿತು. ಅಂದರೆ ಅದು ಅನ್ಯಾಯವೆಂದು ಆಗಿನವರಿಗೇ ಗೊತ್ತಿತ್ತು. ಗೊತ್ತಿಲ್ಲದವರಂತೆ ನಟಿಸುತ್ತಿರುವವರು ನಾವು.

ಅಚ್ಚುಚಿತ್ರವೆಂದರೆ ಒಂದೇ ಫಲಕದಿಂದ ನೂರಾರು ಪ್ರತಿ ತೆಗೆದು ಊರೂರಿಗೆ ಹಂಚುವ ಸರಕು. ಎಸ್ಟೇಟಿನ ಹೆಸರು ಹೊತ್ತು ತಿರುಗುವ ಅಂಥ ಹಾಳೆಯನ್ನು ನಾನು ಜಾಹೀರಾತು ಎಂದೇ ಓದುತ್ತೇನೆ. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಕಿಂಗ್‌ನ ವೈನ್ ಮೆಚ್ಚುಗೆ ಪಡೆಯಿತು. ಹೆಸರು ಬಂದದ್ದು ಅವನೊಬ್ಬನಿಗೆ. ಬೇರೆ ಬಗೆಯ ಸಾಕ್ಷ್ಯ ಸಿಗಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಆಗ ಸಿಡ್ನಿ ವಿಶ್ವವಿದ್ಯಾಲಯದ ಜೂಡಿ ಬರ್ಮಿಂಗ್‌ಹ್ಯಾಮ್ ಆ ಕುಂಬಾರಿಕೆಯ ಜಾಗವನ್ನು ಅಗೆಸಿದರು. ಕೆಲಸಗಾರರ ಕೈಯಿಂದ ಬಂದ ಮಡಕೆಯ ಚೂರುಗಳು ಮಣ್ಣಿನಡಿ ಉಳಿದಿದ್ದವು.

ಚಿತ್ರವನ್ನು ಹರಿದೆಸೆಯಿರಿ ಎಂದು ನಾನು ಹೇಳುತ್ತಿಲ್ಲ. ಧಾರಾಳವಾಗಿ ಗೋಡೆಗೆ ಹಾಕಿ, ಪುಸ್ತಕದಲ್ಲಿ ಅಚ್ಚು ಮಾಡಿ. ಆದರೆ ಅಡಿಬರಹಕ್ಕೆ ಎರಡು ಸಾಲು ಸೇರಿಸಿ: ನೆಲ ವೊರಿಮಿ ಜನರದು, ದುಡಿದವರಲ್ಲಿ ಕೂಲಿಯಿಲ್ಲದ ಕೈದಿಗಳಿದ್ದರು. ಇಷ್ಟು ಬರೆದರೆ ಚಿತ್ರದ ಅಂದ ಕೆಡುತ್ತದೆ ಎನ್ನುವವರು, ತಾವು ಇಷ್ಟು ದಿನ ಮೆಚ್ಚಿದ್ದು ಏನನ್ನು ಎಂದು ಮೊದಲು ಹೇಳಲಿ.