ಗಾಯ ಮಾಗಿದ ಮೇಲೂ



ಹೋದ ಸಂಚಿಕೆಯ ಬಿಸಿಬೇಳೆಭಾತಿಗೆ ಬಂದ ಕಾಗದಗಳಲ್ಲಿ ಒಂದು ಮಾತ್ರ ನನ್ನ ಮನಸ್ಸಿಗೆ ಅಂಟಿಕೊಂಡುಬಿಟ್ಟಿತು. ಕುಕ್ಕರ್ ಇಲ್ಲದೆ ಮಾಡುವುದು ಹೇಗೆ ಅಂತ ಕೇಳಿ, ಕೆಳಗೆ ಸಣ್ಣ ಅಕ್ಷರದಲ್ಲಿ “ಕುಕ್ಕರ್ ಕೂಗಿದರೆ ನನಗೆ ಕೈಕಾಲು ನಡುಕ ಬರುತ್ತೆ, ನಗಬೇಡಿ” ಅಂತ ಬರೆದಿದ್ದಾರೆ. ಬೇಳೆಯನ್ನು ಒಂದು ಗಂಟೆ ನೆನೆಸಿ, ಚಿಟಿಕೆ ಅರಿಸಿನ, ನಾಲ್ಕು ತೊಟ್ಟು ಎಣ್ಣೆ ಹಾಕಿ ದಪ್ಪ ತಳದ ಪಾತ್ರೆಯಲ್ಲಿ ಬೇಯಿಸಿ, ಚೆನ್ನಾಗಿಯೇ ಆಗುತ್ತೆ. ಆದರೆ ನಗಬೇಡಿ ಅಂದಿರಲ್ಲ, ಅದಕ್ಕೆ ಉತ್ತರ ಕೊಡಬೇಕಾದವಳು ನಾನೇ. ಯಾಕೆಂದರೆ ಹಿಂದೊಮ್ಮೆ ನಾನು ನಕ್ಕಿದ್ದೇನೆ.

2022ರ ಶ್ರಾವಣದಲ್ಲಿ ನನ್ನ ನಾದಿನಿಯ ಮನೆಯಲ್ಲಿ ಕುಕ್ಕರಿನ ಮುಚ್ಚಳ ಹಾರಿತು. ಆವಿ ಹೋಗುವ ತೂತಿಗೆ ಬೇಳೆ ಕಟ್ಟಿಕೊಂಡಿತ್ತು. ಸದ್ದಿಲ್ಲವಲ್ಲ, ಆರಿರಬೇಕು ಅಂತ ಇವಳು ಮುಚ್ಚಳ ತಿರುಗಿಸಿದ್ದಾಳೆ. ಕುದಿಯುವ ಬೇಳೆ ಕುತ್ತಿಗೆ, ಬಲತೋಳಿನ ಮೇಲೆ ಬಿತ್ತು. ಎರಡು ವರ್ಷದ ಮಗ ಕಾಲ ಹತ್ತಿರವೇ ಆಡ್ತಿದ್ದ, ಅವನಿಗೆ ಒಂದು ಹನಿಯೂ ಸಿಡಿಯಲಿಲ್ಲ. ಗಾಯ ತಿಂಗಳೊಳಗೆ ಮಾಗಿತು. ದೇವರು ದೊಡ್ಡವನು ಅಂತ ಎಲ್ಲರೂ ಕೈ ಮುಗಿದೆವು.

ದೀಪಾವಳಿಗೆ ನಮ್ಮ ಮನೆಗೆ ಬಂದಿದ್ದಳು. ನಾನು ಅನ್ನಕ್ಕಿಟ್ಟ ಕುಕ್ಕರ್ ಒಂದು ಕೂಗು ಹಾಕಿದ್ದೇ ತಡ, ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದಳು. ಬಾವಿಕಟ್ಟೆ ಹಿಡಿದು ನಿಂತಿದ್ದಾಳೆ, ಮೈಯೆಲ್ಲ ಬೆವರು. ಮನೆ ತುಂಬ ನೆಂಟರು. ನಾನು ನಕ್ಕು, “ಏನೇ ನಾಟಕ ಇದು, ಹಬ್ಬದ ದಿನ ಅಡುಗೆ ತಪ್ಪಿಸಿಕೊಳ್ಳೋಕೆ?” ಅಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಸಂಕ್ರಾಂತಿಗೆ ಬರಲಿಲ್ಲ, ಯುಗಾದಿಗೂ ಬರಲಿಲ್ಲ.

ಆಮೇಲೆ ಗೊತ್ತಾಯಿತು, ಅವಳು ರಾತ್ರಿ ನಿದ್ದೆ ಮಾಡ್ತಿರಲಿಲ್ಲ. ಕಣ್ಣು ಮುಚ್ಚಿದರೆ ಅದೇ ಮುಚ್ಚಳ, ಅದೇ ಸದ್ದು. ಪಕ್ಕದ ಮನೆಯ ಕುಕ್ಕರ್ ಕೂಗಿದರೂ ತೋಳು ಉರಿಯೋದಂತೆ. ಅವಳ ಗಂಡ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಇದು ನಾಟಕವೂ ಅಲ್ಲ, ಹುಚ್ಚೂ ಅಲ್ಲ, ದೊಡ್ಡ ಆಘಾತ ಆದವರಲ್ಲಿ ಕೆಲವರಿಗೆ ಹೀಗಾಗುತ್ತೆ ಅಂತ ಅವರು ಹೇಳಿ, ಬೆಂಗಳೂರಿನಲ್ಲಿ ತರಬೇತಿ ಪಡೆದ ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕಳಿಸಿದರು. ಜೊತೆಗೆ ನಾನು ಬರ್ತೀನಿ ಅಂದೆ. ಹಾಗಾದರೂ ನಾನಾಡಿದ ಮಾತು ತೊಳೆದುಹೋಗಲಿ ಅನ್ನೋ ಆಸೆ.

ಆ ಚಿಕಿತ್ಸೆಗೆ ಇ.ಎಂ.ಡಿ.ಆರ್. ಅನ್ನುತ್ತಾರೆ. ಕಣ್ಣನ್ನು ಎಡಕ್ಕೆ ಬಲಕ್ಕೆ ಓಡಿಸುತ್ತ ಹಳೆಯ ಪೆಟ್ಟಿನ ನೆನಪನ್ನು ಅರಗಿಸಿಕೊಳ್ಳುವುದು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಇದನ್ನು ಕಂಡುಕೊಂಡವರು ಅಮೆರಿಕದ ಫ್ರಾನ್ಸೀನ್ ಶಪೀರೋ. 1987ರಲ್ಲಿ ಆಕೆ ಪಾರ್ಕಿನಲ್ಲಿ ನಡೆಯುತ್ತಿದ್ದಾಗ, ಮನಸ್ಸನ್ನು ಕೊರೆಯುತ್ತಿದ್ದ ಯೋಚನೆ ಇದ್ದಕ್ಕಿದ್ದಂತೆ ಹಗುರವಾಯಿತಂತೆ. ಗಮನಿಸಿದರೆ ತನ್ನ ಕಣ್ಣು ತಾನಾಗಿ ಆಚೀಚೆ ಓಡುತ್ತಿತ್ತು. ನಾವಾಗಿದ್ದರೆ ಅಷ್ಟಕ್ಕೇ ಮರೆತು ಮನೆಗೆ ಬಂದು ಒಲೆ ಹಚ್ಚುತ್ತಿದ್ದೆವು. ಆಕೆ ಪರೀಕ್ಷೆ ಮಾಡಿದರು. ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರು, ಬಲಾತ್ಕಾರಕ್ಕೆ ಒಳಗಾದ ಹೆಣ್ಣುಮಕ್ಕಳು, ಇಂಥವರ ಮೇಲೆ ನಡೆಸಿದ ಅಧ್ಯಯನ 1989ರಲ್ಲಿ ಪ್ರಕಟವಾಯಿತು. 2019ರಲ್ಲಿ ಆಕೆ ತೀರಿಕೊಂಡರು.

ಹೋದ ಕೂಡಲೇ ಬೆರಳಾಡಿಸಿ ಕಳಿಸಿಬಿಡುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ, ಒಟ್ಟು ಎಂಟು ಹಂತ. ಮೊದಲೆರಡು ಭೇಟಿ ಬರೀ ಮಾತು. ಮನಸ್ಸಿಗೆ ತಂಪೆನಿಸುವ ಒಂದು ಜಾಗ ನೆನೆಸಿಕೊಳ್ಳಿ, ಹೆದರಿಕೆ ಹೆಚ್ಚಾದರೆ ಅಲ್ಲಿಗೆ ಹೋಗಿ ಕೂತು ಬರಬಹುದು ಅಂದರಂತೆ. ನಾದಿನಿ ನಮ್ಮ ಹಿತ್ತಲಿನ ಸಂಪಿಗೆ ಮರದ ಬುಡ ಆರಿಸಿಕೊಂಡಳು. ಅದನ್ನು ಕೇಳಿದಾಗ ನನಗೆ ಗಂಟಲು ಕಟ್ಟಿತು. ಅವಳು ಓಡಿಹೋಗಿ ನಿಂತಿದ್ದೂ ಅಲ್ಲೇ ತಾನೇ.

ಬೆರಳಿನ ಕೆಲಸದ ದಿನ ನಾನು ಹೊರಗೆ ಬೆಂಚಿನ ಮೇಲೆ. ಒಳಗೆ ನಡೆದದ್ದನ್ನು ವಾಪಸು ಬರುವಾಗ ಬಸ್ಸಿನಲ್ಲಿ ಅವಳೇ ಹೇಳಿದಳು. ಆ ದಿನದ ಚಿತ್ರಗಳಲ್ಲಿ ಯಾವುದು ಎಲ್ಲಕ್ಕಿಂತ ಕೆಟ್ಟದ್ದು? ಅದನ್ನು ನೋಡಿದಾಗ ನಿಮ್ಮ ಬಗ್ಗೆ ನಿಮಗೇನನ್ನಿಸುತ್ತೆ? ಸಂಕಟಕ್ಕೆ 0ಯಿಂದ 10ರೊಳಗೆ ಎಷ್ಟು ಅಂಕ? ಮೈಯಲ್ಲಿ ಎಲ್ಲಿ ಹಿಡಿದುಕೊಳ್ಳುತ್ತೆ? ಇವಳು 9 ಅಂದಳಂತೆ. ಮುಚ್ಚಳವೂ ಅಲ್ಲ, ಸುಟ್ಟ ಕೈಯೂ ಅಲ್ಲ, ಕಾಲ ಹತ್ತಿರವಿದ್ದ ಮಗುವಿನ ಮುಖವೇ ಅವಳ ಕೆಟ್ಟ ಚಿತ್ರ. “ನಾನು ಕೆಟ್ಟ ತಾಯಿ” ಅನ್ನೋದೇ ಅವಳ ಮಾತು. ಇಷ್ಟು ತಿಂಗಳು ಇದನ್ನು ನಮ್ಮ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ ನೋಡಿ.

ಆ ಚಿತ್ರವನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಮುಂದೆ ಆಚೀಚೆ ಆಡುವ ಬೆರಳನ್ನು ಕಣ್ಣಿನಲ್ಲಿ ಹಿಂಬಾಲಿಸಬೇಕು, ತಲೆ ಅಲ್ಲಾಡಿಸಬಾರದು. ಸುಮಾರು ಅರ್ಧ ನಿಮಿಷ ಆದ ಮೇಲೆ ಬೆರಳು ನಿಲ್ಲಿಸಿ, “ಈಗೇನು ಬಂತು?” ಅಂತ ಕೇಳುತ್ತಾರೆ. ಬಂದದ್ದನ್ನು ಒಂದೆರಡು ಮಾತಲ್ಲಿ ಹೇಳಿದರೆ ಸಾಕು, ಎಳೆ ಎಳೆಯಾಗಿ ಬಿಡಿಸಿ ಹೇಳಬೇಕಾಗಿಲ್ಲ. ಮತ್ತೆ ಬೆರಳು. ಹೀಗೆ ಹತ್ತಾರು ಸಲ. ಒಮ್ಮೆ ಗೋಡೆಗೆ ಸಿಡಿದ ಬೇಳೆ ಬಂತು, ಒಮ್ಮೆ ಚಿಕ್ಕಂದಿನಲ್ಲಿ ಹಾಲು ಚೆಲ್ಲಿ ಬೈಸಿಕೊಂಡದ್ದು ಬಂತು. ಆಮೇಲೆ ಅವಳೇ ಮರೆತಿದ್ದ ಒಂದು ಸಂಗತಿ. ಮುಚ್ಚಳ ಹಾರಿದ ಗಳಿಗೆಯಲ್ಲಿ ಅವಳು ಮಗುವನ್ನು ಕಾಲಿನಿಂದ ಬಾಗಿಲ ಕಡೆ ತಳ್ಳಿದ್ದಳು. ತಾನು ಪಕ್ಕಕ್ಕೆ ಸರಿಯಬಹುದಿತ್ತು, ಸರಿಯಲಿಲ್ಲ; ತೋಳು ಸುಟ್ಟಿದ್ದು ಅದಕ್ಕೇ. “ಅತ್ತಿಗೆ, ನಾನೇ ತಳ್ಳಿದ್ದು!” ಅಂತ ಬಸ್ಸಿನಲ್ಲಿ ಜೋರಾಗಿ ಅಂದಳು, ಮುಂದಿನ ಸೀಟಿನವರು ತಿರುಗಿ ನೋಡಿದರು.

ನಮ್ಮ ಅತ್ತೆಗೆ ಹೇಳಿದಾಗ, “ಇದು ನಾವು ಉಪ್ಪು ಮೆಣಸಿನಕಾಯಿ ನಿವಾಳಿಸೋ ಹಾಗೇ ಅಲ್ಲವೇನೇ?” ಅಂದರು. ನೋಡೋಕೆ ಹಾಗೇ ಇರಬಹುದು. ಆದರೆ ಇದರಲ್ಲಿ ಮಂತ್ರವೂ ಇಲ್ಲ, ಮಂಪರು ಬರಿಸುವುದೂ ಇಲ್ಲ. ಅವಳು ಪೂರ್ತಿ ಎಚ್ಚರವಾಗೇ ಇರ್ತಾಳೆ, ಸಾಕು ಅಂದರೆ ನಿಲ್ಲಿಸುತ್ತಾರೆ. ಇದು ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ವಿಜ್ಞಾನಿಗಳು ಕೊಡುವ ಒಂದು ಕಾರಣ ನಮಗೆ ಸುಲಭವಾಗಿ ತಿಳಿಯುತ್ತೆ. ಚಪಾತಿ ಬೇಯಿಸುತ್ತ ಮಗುವಿಗೆ ಮಗ್ಗಿ ಹೇಳಿಕೊಡುವಾಗ ಎರಡೂ ಅರ್ಧಂಬರ್ಧ ಆಗುತ್ತಲ್ಲ, ಹಾಗೆ ಮನಸ್ಸು ಬೆರಳಿನ ಹಿಂದೆಯೂ ಓಡಬೇಕಾದಾಗ ಆ ಚಿತ್ರ ಮಸುಕಾಗುತ್ತೆ, ಮಸುಕಾಗಿಯೇ ಒಳಕ್ಕೆ ಹೋಗುತ್ತೆ. ಕಣ್ಣಿನ ಓಟ ಬೇಕೇ ಬೇಕೇ, ಧೈರ್ಯವಾಗಿ ನೆನಪನ್ನು ಎದುರಿಸಿದ್ದರಿಂದಲೇ ಗುಣ ಕಾಣುತ್ತದೋ ಅಂತ ಪಂಡಿತರಲ್ಲಿ ಇನ್ನೂ ವಾದವಿದೆ. ಆದರೆ ಚಿಕಿತ್ಸೆಯಿಂದ ಉಪಯೋಗವಿದೆ ಅಂತ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಶಿಫಾರಸು ಮಾಡಿದೆ. ಕಣ್ಣಿನ ಬದಲು ಎಡಗೈ ಬಲಗೈ ತಟ್ಟುವ ರೀತಿಯೂ ಉಂಟು. 1997ರಲ್ಲಿ ಮೆಕ್ಸಿಕೋದ ಅಕಾಪುಲ್ಕೋದಲ್ಲಿ ಚಂಡಮಾರುತಕ್ಕೆ ಸಿಕ್ಕಿದ ಮಕ್ಕಳಿಗೆ, ಎದೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು ಚಿಟ್ಟೆಯ ರೆಕ್ಕೆಯ ಹಾಗೆ ಒಂದಾದ ಮೇಲೊಂದು ತಟ್ಟಿಕೊಳ್ಳಲು ಕಲಿಸಿದರಂತೆ.

ಓದಿದಿರಿ ಅಂತ ಮನೆಯಲ್ಲಿ ಒಬ್ಬರಿಗೊಬ್ಬರು ಬೆರಳಾಡಿಸಲು ಹೋಗಬೇಡಿ. ಮೊದಲ ಸಲ ಮಾಡಿದ ಮೇಲೆ ಎರಡು ರಾತ್ರಿ ನಾದಿನಿಯ ಕನಸು ಇನ್ನೂ ಕೆಟ್ಟಿತ್ತು. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ತಡೆದುಕೊಂಡೆವು. ಅವಳಿಗೆ ಒಟ್ಟು ಆರು ಭೇಟಿ ಸಾಕಾಯಿತು. ಒಂದೇ ಅಪಘಾತದ ಪೆಟ್ಟಿಗೂ, ವರ್ಷಗಟ್ಟಲೆ ಹೊಡೆತ ತಿಂದು ಬಾಳಿದವರ ನೋವಿಗೂ ವ್ಯತ್ಯಾಸವಿದೆ, ಅವರಿಗೆ ಹೆಚ್ಚು ಕಾಲ ಬೇಕು. ಎಲ್ಲಿ ಹೋಗಬೇಕು ಅಂತ ತಿಳಿಯದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕಾಗದ ಬರೆದ ಸೋದರಿ, ಈ ನಂಬರ್ ನಿಮಗಾಗಿಯೇ.

ಹೋದ ಸಂಕ್ರಾಂತಿಗೆ ನಾದಿನಿ ಬಂದಿದ್ದಳು. ಈಗಲೂ ಕುಕ್ಕರಿನ ಪಕ್ಕ ನಿಲ್ಲೋದಿಲ್ಲ, ಅಡುಗೆಮನೆ ಬಾಗಿಲಲ್ಲೇ ನಿಂತು ಅವರೆಕಾಳು ಬಿಡಿಸ್ತಿದ್ದಳು. ನಾನು ಮಾತಿನಲ್ಲಿ ಲೆಕ್ಕ ತಪ್ಪಿಬಿಟ್ಟಿದ್ದೆ. “ಮೂರಾಯ್ತು, ಆರಿಸಿ ಅತ್ತಿಗೆ” ಅಂದಳು.